ಸ್ಪೆಲ್ಟ್ ಹಿಟ್ಟನ್ನು ‘ಗ್ಲುಟೆನ್ ಫ್ರೀ’ ವಿಭಾಗದಿಂದ ಕೂಡಲೇ ತೆಗೆಯುವಂತೆ ಕೋರಿ ದೂರು

ಇವರಿಂದ:
ಸೀಲಿಯಾಕ್ ಕಾಯಿಲೆ (ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ) ಇರುವವರಿಗೆ ಆಹಾರ ಸಲಹೆ ನೀಡುವ ಪಥ್ಯಾಹಾರ ತಜ್ಞರು, ಬೆಂಗಳೂರು

ಇವರಿಗೆ:
ಕುಂದುಕೊರತೆ ಅಧಿಕಾರಿಗಳು, ಆನ್‌ಲೈನ್ ದಿನಸಿ ಮಾರಾಟ ಸಂಸ್ಥೆ, ಬೆಂಗಳೂರು

ವಿಷಯ: ಗ್ಲುಟೆನ್ ಇರುವ ಸ್ಪೆಲ್ಟ್ ಹಿಟ್ಟನ್ನು ಗ್ಲುಟೆನ್ ಫ್ರೀ ಎಂದು ಮಾರುತ್ತಿರುವುದು, ಜವೆ ಗೋಧಿ ಹಿಟ್ಟಿನ ತಪ್ಪು ವಿವರಣೆ

ಮಾನ್ಯರೇ,

ನಿಮ್ಮ ಆ್ಯಪ್‌ನಲ್ಲಿ ‘ಗ್ಲುಟೆನ್ ಫ್ರೀ’ ಫಿಲ್ಟರ್ ಒತ್ತಿದರೆ ರಾಗಿ, ಜೋಳ, ಸಜ್ಜೆ, ನವಣೆ ಹಿಟ್ಟುಗಳ ಸಾಲಿನಲ್ಲೇ ಸ್ಪೆಲ್ಟ್ ಹಿಟ್ಟೂ ಬರುತ್ತಿದೆ. ‘ಪುರಾತನ ಧಾನ್ಯ, ಗೋಧಿಗೆ ಬದಲಿ’ ಎಂಬ ವಿವರಣೆ ಬೇರೆ. ಅದೇ ಪೊಟ್ಟಣದ ಹಿಂಬದಿಯಲ್ಲಿ, ಅಲರ್ಜಿ ಮಾಹಿತಿಯ ಸಾಲಿನಲ್ಲಿ, ‘ಗೋಧಿ ಇದೆ’ ಎಂದು ತಯಾರಕರೇ ಅಚ್ಚು ಹಾಕಿದ್ದಾರೆ. ನಿಮ್ಮ ಪುಟದಲ್ಲಿರುವ ಚಿತ್ರಗಳಲ್ಲಿ ಹಿಂಬದಿಯದು ಮಾತ್ರ ಇಲ್ಲ. ಪೊಟ್ಟಣ ಕೈಗೆ ಬಂದ ಮೇಲಷ್ಟೇ ಆ ಸಾಲು ಕಾಣುತ್ತದೆ. ಸಣ್ಣ ಅಕ್ಷರ ಓದದವರಿಗೆ ಆಗಲೂ ಕಾಣುವುದಿಲ್ಲ.

ಸ್ಪೆಲ್ಟ್ ಗೋಧಿಗೆ ಬದಲಿಯಲ್ಲ, ಗೋಧಿಯದೇ ಒಂದು ಬಗೆ. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಡಿಂಕೆಲ್ ಎಂಬ ಹೆಸರಿನಲ್ಲಿ ನೂರಾರು ವರ್ಷಗಳಿಂದ ಬೆಳೆಯುತ್ತಿರುವ, ಸಿಪ್ಪೆ ಬಿಗಿಯಾಗಿ ಅಂಟಿಕೊಂಡ ಗೋಧಿ ಅದು. ನಮ್ಮ ಚಪಾತಿ ಹಿಟ್ಟಿನ ಗೋಧಿಯಲ್ಲಿ 42 ಕ್ರೋಮೋಸೋಮ್‌ಗಳಿವೆ, ಸ್ಪೆಲ್ಟ್‌ನಲ್ಲೂ ಅಷ್ಟೇ. ಎರಡೂ ಸಸ್ಯಶಾಸ್ತ್ರದಲ್ಲಿ ಒಂದೇ ಪ್ರಭೇದಕ್ಕೆ ಸೇರುತ್ತವೆ. ಗ್ಲುಟೆನ್ ಆಗುವುದು ಗ್ಲೈಯಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳಿಂದ. ಸ್ಪೆಲ್ಟ್‌ನಲ್ಲಿ ಎರಡೂ ಧಾರಾಳವಾಗಿವೆ. ಸ್ಪೆಲ್ಟ್‌ನ ಒಟ್ಟು ಪ್ರೋಟೀನ್ ಪ್ರಮಾಣ ಎಷ್ಟೋ ಸಲ ಮಾಮೂಲಿ ಗೋಧಿಗಿಂತ ಹೆಚ್ಚೇ ಇರುತ್ತದೆ.

ನಮ್ಮ ಮೊದಲ ದೂರಿಗೆ ನಿಮ್ಮ ಗ್ರಾಹಕ ಸೇವೆಯವರು ಬರೆದ ಉತ್ತರ ಹೀಗಿದೆ: ‘ಸ್ಪೆಲ್ಟ್‌ನ ಗ್ಲುಟೆನ್ ನೀರಿನಲ್ಲಿ ಕರಗುವಂಥದ್ದು, ಸುಲಭವಾಗಿ ಜೀರ್ಣವಾಗುತ್ತದೆ, ಆದ್ದರಿಂದ ಸುರಕ್ಷಿತ.’ ಇದು ಬಹಳ ಕಡೆ ಓಡಾಡುತ್ತಿರುವ ಸುಳ್ಳು. ಇದನ್ನು ಅಲ್ಲಗಳೆಯಲು ಪ್ರಯೋಗಾಲಯವೂ ಬೇಡ. ನಿಮ್ಮ ಗುಣಮಟ್ಟ ವಿಭಾಗದವರು ಅಡುಗೆಮನೆಯಲ್ಲೇ ಮಾಡಿ ನೋಡಲಿ. 50 ಗ್ರಾಂ ಸ್ಪೆಲ್ಟ್ ಹಿಟ್ಟಿಗೆ ಸುಮಾರು 30 ಮಿಲಿ ನೀರು ಹಾಕಿ ಗಟ್ಟಿಯಾಗಿ ಕಲಸಿ, ಉಂಡೆ ಮಾಡಿ, ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ಬಟ್ಟಲಿನ ನೀರಿನೊಳಗೇ ಉಂಡೆಯನ್ನು ಮೆಲ್ಲಗೆ ಹಿಸುಕುತ್ತ ತೊಳೆಯಿರಿ. ನೀರು ಹಾಲಿನ ಬಣ್ಣಕ್ಕೆ ತಿರುಗಿದಾಗಲೆಲ್ಲ ಸಣ್ಣ ಕಣ್ಣಿನ ಜರಡಿಯ ಮೇಲೆ ಬಗ್ಗಿಸಿ, ಚೂರು ಬಿದ್ದರೆ ಮತ್ತೆ ಉಂಡೆಗೇ ಸೇರಿಸಿ. ಬಿಳಿ ನೀರಿನಲ್ಲಿ ಹೋಗುವುದು ಪಿಷ್ಟ. ನೀರು ತಿಳಿಯಾಗುವ ಹೊತ್ತಿಗೆ ಕೈಯಲ್ಲಿ ಬೂದುಬಣ್ಣದ, ಎಳೆದರೆ ಹಿಗ್ಗುವ ಮುದ್ದೆ ಉಳಿಯುತ್ತದೆ. ಹಿಂಡಿ ತೂಗಿದರೆ ಹೆಚ್ಚುಕಡಿಮೆ 15ರಿಂದ 20 ಗ್ರಾಂ. ಅದೇ ಗ್ಲುಟೆನ್. ನೀರಿನಲ್ಲಿ ಕರಗುವ ವಸ್ತುವಾಗಿದ್ದರೆ ಪಿಷ್ಟದ ಜೊತೆಗೇ ಹೋಗಬೇಕಿತ್ತಲ್ಲವೇ? ರಾಗಿ ಹಿಟ್ಟನ್ನೋ ಜೋಳದ ಹಿಟ್ಟನ್ನೋ ಹೀಗೆ ತೊಳೆದರೆ ಉಂಡೆ ಒಡೆದು ಚದುರಿಹೋಗುತ್ತದೆ, ಇಂಥ ಮುದ್ದೆ ಉಳಿಯುವುದಿಲ್ಲ. ಒಂದು ಎಚ್ಚರಿಕೆ: ಗ್ಲುಟೆನ್ ಇದೆ ಎಂದು ತೋರಿಸಲು ಈ ಪರೀಕ್ಷೆ ಸಾಕು, ಇಲ್ಲ ಎಂದು ಹೇಳಲು ಸಾಲದು. ಜೋಳದ ಹಿಟ್ಟಿನಲ್ಲಿ ಬೆರೆತ ಚಿಟಿಕೆ ಗೋಧಿ ಇದರಲ್ಲಿ ಕಾಣುವುದಿಲ್ಲ.

ಸ್ಪೆಲ್ಟ್‌ನಿಂದ ಬಂದ ಮುದ್ದೆ ಮಾಮೂಲಿ ಗೋಧಿಯ ಮುದ್ದೆಗಿಂತ ಮೆತ್ತಗಿರುತ್ತದೆ, ಬೇಗ ಹರಿಯುತ್ತದೆ. ಗ್ಲುಟೆನಿನ್‌ಗೆ ಹೋಲಿಸಿದರೆ ಗ್ಲೈಯಡಿನ್‌ನ ಪಾಲು ಹೆಚ್ಚಿರುವುದೇ ಇದಕ್ಕೆ ಕಾರಣ. ಬ್ರೆಡ್ ಮಾಡುವವರು ಸ್ಪೆಲ್ಟ್ ಹಿಟ್ಟಿಗೆ ನೀರು ಕಡಿಮೆ ಹಾಕಿ, ನಾದುವುದನ್ನೂ ಬೇಗ ನಿಲ್ಲಿಸುವುದು ಇದಕ್ಕಾಗಿಯೇ. ಗ್ಲುಟೆನ್‌ನ ಹೆಣಿಗೆ ಸಡಿಲ ಎಂದರೆ ಗ್ಲುಟೆನ್ ಕಡಿಮೆ ಎಂದಲ್ಲ. ಸೀಲಿಯಾಕ್ ಇರುವವರ ಕರುಳನ್ನು ಮುಖ್ಯವಾಗಿ ಕೆಣಕುವುದೇ ಗ್ಲೈಯಡಿನ್. ಅದರ ಕೆಲವು ತುಣುಕುಗಳನ್ನು ನಮ್ಮ ಜೀರ್ಣರಸಗಳು ಪೂರ್ತಿ ಒಡೆಯಲಾರವು.

ಅಳತೆಯ ಮಾತಿಗೆ ಬರೋಣ. ಗ್ಲುಟೆನ್ ಫ್ರೀ ಎನ್ನಲು ನಮ್ಮ ದೇಶದ ನಿಯಮ ಮತ್ತು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಎರಡೂ ಇಟ್ಟಿರುವ ಮಿತಿ ಕೆಜಿಗೆ 20 ಮಿಲಿಗ್ರಾಂ. ಒಂದು ಕೆಜಿ ಸ್ಪೆಲ್ಟ್ ಹಿಟ್ಟಿನಲ್ಲಿ ಸುಮಾರು 100 ಗ್ರಾಂ, ಅಂದರೆ 1,00,000 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ಮಿತಿಯ 5,000 ಪಟ್ಟು. ಇನ್ನೊಂದು ಕಡೆಯಿಂದ ನೋಡಿ: ಒಂದು ಕೆಜಿ ಶುದ್ಧ ಜೋಳದ ಹಿಟ್ಟಿಗೆ 0.2 ಗ್ರಾಂ ಸ್ಪೆಲ್ಟ್ ಹಿಟ್ಟು ಬಿದ್ದರೂ ಆ ಜೋಳದ ಹಿಟ್ಟು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ನಿಮ್ಮ ಗೋದಾಮಿನಲ್ಲಿ ಈ ಎರಡು ಪೊಟ್ಟಣಗಳು ಒಂದೇ ಕಪಾಟಿನಲ್ಲಿದ್ದು, ಸ್ಪೆಲ್ಟ್ ಚೀಲ ಹರಿದರೆ ಏನಾಗುತ್ತದೆ ಎಂದು ಯೋಚಿಸಿ. ಬಿಡಿ ಹಿಟ್ಟನ್ನು ನೀವೇ ಪೊಟ್ಟಣ ಕಟ್ಟುತ್ತಿದ್ದರೆ, ಅದೇ ಸೌಟು, ಅದೇ ತಕ್ಕಡಿ ತಟ್ಟೆ ಬಳಸಿದರೂ ಸಾಕು.

2007ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ, ಪಥ್ಯದಲ್ಲಿದ್ದ ಸೀಲಿಯಾಕ್ ರೋಗಿಗಳಿಗೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಅನ್ನು ಮೂರು ತಿಂಗಳು ಕೊಟ್ಟಾಗ ಸಣ್ಣ ಕರುಳಿನ ಒಳಪದರಕ್ಕೆ ಹಾನಿಯಾದದ್ದು ಕಂಡುಬಂತು. 30 ಗ್ರಾಂ ಸ್ಪೆಲ್ಟ್ ಹಿಟ್ಟಿನ ಒಂದೇ ಚಪಾತಿಯಲ್ಲಿ ಸುಮಾರು 3,000 ಮಿಲಿಗ್ರಾಂ ಇದೆ. ನಿಮ್ಮ ಪುಟದ ‘ಗ್ಲುಟೆನ್ ಫ್ರೀ ಚಪಾತಿ’ ವಿಧಾನ ಹೇಳುವುದು ಇದೇ ಹಿಟ್ಟಿನ ಚಪಾತಿಯನ್ನು.

ಆ ಪುಟದ ಕೆಳಗೆ ‘ತಿಂದೆ, ಹೊಟ್ಟೆ ಹಗುರವಾಗಿತ್ತು’ ಎಂಬಂಥ ಅಭಿಪ್ರಾಯಗಳಿವೆ. ಬರೆದವರು ಸುಳ್ಳು ಹೇಳುತ್ತಿದ್ದಾರೆ ಎನ್ನುವುದಿಲ್ಲ. ಕೆಲವರ ಹೊಟ್ಟೆಯುಬ್ಬರಕ್ಕೆ ಗೋಧಿಯ ಗ್ಲುಟೆನ್‌ಗಿಂತ ಫ್ರಕ್ಟಾನ್ ಎಂಬ ಕಾರ್ಬೋಹೈಡ್ರೇಟ್ ಕಾರಣವಾಗಿರುತ್ತದೆ. ನಿಧಾನವಾಗಿ ಹುಳಿ ಬರಿಸಿದ ಸ್ಪೆಲ್ಟ್ ಬ್ರೆಡ್‌ನಲ್ಲಿ ಅದು ಕಡಿಮೆ, ಆದ್ದರಿಂದ ಅಂಥವರಿಗೆ ಒಗ್ಗಬಹುದು. ಸೀಲಿಯಾಕ್‌ನ ವಿಚಾರವೇ ಬೇರೆ. ಹೊಟ್ಟೆನೋವು, ಭೇದಿ ಏನೂ ಇಲ್ಲದೆಯೂ ಕರುಳು ಸವೆಯುತ್ತದೆ, ಕಬ್ಬಿಣದಂಶ ಕುಸಿಯುತ್ತದೆ, ಮೂಳೆ ಟೊಳ್ಳಾಗುತ್ತದೆ, ಮಕ್ಕಳ ಬೆಳವಣಿಗೆ ನಿಲ್ಲುತ್ತದೆ. ಪಥ್ಯ ಸರಿಯಾಗಿದೆ ಎಂದುಕೊಂಡೇ ಸ್ಪೆಲ್ಟ್ ತಿನ್ನುವವರ ರಕ್ತಪರೀಕ್ಷೆಯಲ್ಲಿ ಸೀಲಿಯಾಕ್ ಅನ್ನು ಸೂಚಿಸುವ ಟಿಟಿಜಿ ಪ್ರತಿಕಾಯದ ಮಟ್ಟ ಇಳಿಯುವುದಿಲ್ಲ. ಕಾರಣ ತಿಳಿಯದೆ ಮತ್ತೆ ಎಂಡೋಸ್ಕೋಪಿ, ಮತ್ತೆ ಬಯಾಪ್ಸಿ. ಇನ್ನು ಗೋಧಿ ಅಲರ್ಜಿ ಇರುವವರಿಗೆ ಇದೇ ಹಿಟ್ಟು ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಅಪಾಯ ತರಬಲ್ಲದು.

ಕಾನೂನಿನಲ್ಲೂ ಇಲ್ಲಿ ಗೊಂದಲವಿಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮಗಳು ಗ್ಲುಟೆನ್ ಇರುವ ಧಾನ್ಯಗಳನ್ನು ಹೆಸರಿಸುವಾಗ ಗೋಧಿ, ರೈ, ಬಾರ್ಲಿ, ಓಟ್ಸ್‌ಗಳ ಜೊತೆ ಸ್ಪೆಲ್ಟ್ ಅನ್ನೂ ಹೆಸರಿಸಿಯೇ ಸೇರಿಸಿವೆ. ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಕಾಯ್ದೆಯ 53ನೇ ಕಲಮಿನಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ.

ಇದೇ ವಿಭಾಗದ ಇನ್ನೊಂದು ವಸ್ತು ನಮ್ಮದೇ ನಾಡಿನದು: ಖಪ್ಲಿ ಎಂದು ಮಾರುವ ಜವೆ ಗೋಧಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ ಹುಗ್ಗಿ, ಮಾದ್ಲಿ, ಶಾವಿಗೆಗೆ ಹೆಸರಾದ ಗೋಧಿ ಇದು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ತಳಿಗಳನ್ನೂ ಕೊಟ್ಟಿದೆ. ಅದನ್ನು ‘ಲೋ ಗ್ಲುಟೆನ್’ ಎಂದು ಹಾಕಿದ್ದೀರಿ. 28 ಕ್ರೋಮೋಸೋಮ್‌ಗಳ ಬೇರೆ ಪ್ರಭೇದ ಎಂಬುದು ನಿಜ, ಆದರೆ ಗ್ಲುಟೆನ್ ಅದರಲ್ಲೂ ಇದೆ. ನಿಯಮದ ಪ್ರಕಾರ ‘ಲೋ ಗ್ಲುಟೆನ್’ ಎಂದರೆ ಕೆಜಿಗೆ 20ರಿಂದ 100 ಮಿಲಿಗ್ರಾಂ. ಯಾವ ಗೋಧಿ ಹಿಟ್ಟೂ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಜವೆ ಗೋಧಿಯನ್ನು ಅದರ ರುಚಿಗೆ, ನಾರಿನಂಶಕ್ಕೆ ಹೊಗಳಿ ಮಾರಿ, ಸಂತೋಷ. ಇಲ್ಲದ ಗುಣ ಹೇಳಿ ಮಾರಬೇಡಿ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಸ್ಪೆಲ್ಟ್ ಮತ್ತು ಜವೆ ಗೋಧಿಯ ಹಿಟ್ಟು, ರವೆ, ಶಾವಿಗೆ, ಬಿಸ್ಕತ್ತು ಎಲ್ಲವನ್ನೂ ಇಂದೇ ಗ್ಲುಟೆನ್ ಫ್ರೀ ಫಿಲ್ಟರ್‌ನಿಂದ ಹೊರಗಿಡಿ. ಮೊಳಕೆ ಬರಿಸಿದ್ದು, ಹುಳಿ ಬರಿಸಿದ್ದು ಎಂಬ ಕಾರಣಕ್ಕೆ ಯಾವುದಕ್ಕೂ ವಿನಾಯಿತಿ ಬೇಡ. ಪುಟದ ಮೇಲ್ಭಾಗದಲ್ಲೇ ‘ಗೋಧಿ ಮತ್ತು ಗ್ಲುಟೆನ್ ಇದೆ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿ, ಪೊಟ್ಟಣದ ಹಿಂಬದಿಯ ಚಿತ್ರ ಸೇರಿಸಿ. ಈ ಫಿಲ್ಟರ್‌ನ ಮೂಲಕ ಈಗಾಗಲೇ ಕೊಂಡವರ ಪಟ್ಟಿ ನಿಮ್ಮಲ್ಲಿರುತ್ತದೆ. ಅವರಿಗೆ ಸಂದೇಶ ಕಳುಹಿಸಿ, ತೆರೆದ ಪೊಟ್ಟಣಕ್ಕೂ ಹಣ ವಾಪಸು ಮಾಡಿ. ಎಲ್ಲಕ್ಕಿಂತ ತುರ್ತಾದದ್ದು ಬದಲಿ ವಸ್ತುವಿನ ವ್ಯವಸ್ಥೆ: ಜೋಳದ ಹಿಟ್ಟು ಮುಗಿದಾಗ ‘ಅದೇ ಬಗೆಯದು’ ಎಂದು ಸ್ಪೆಲ್ಟ್ ಕಳುಹಿಸುವುದು ಈ ಕ್ಷಣದಿಂದಲೇ ನಿಲ್ಲಬೇಕು. ಮುಂದೆ ಯಾವುದೇ ಮಾರಾಟಗಾರರ ವಸ್ತುವನ್ನು ಈ ವಿಭಾಗಕ್ಕೆ ಸೇರಿಸುವ ಮೊದಲು, ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದ ಆರ್‌5 ಎಲಿಸಾ (ಗ್ಲುಟೆನ್ ಅಳೆಯುವ ಪರೀಕ್ಷೆ) ವರದಿಯನ್ನು ಬ್ಯಾಚ್ ಸಂಖ್ಯೆ ಸಮೇತ ಕೇಳಿ ಪಡೆಯಿರಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡುವುದು ನಿಮ್ಮ ಹೊಣೆ. ಆರೋಗ್ಯದ ಪ್ರಶ್ನೆಯಾದ್ದರಿಂದ ಪಟ್ಟಿಯಿಂದ ತೆಗೆಯುವ ಕೆಲಸಕ್ಕೆ ತಿಂಗಳು ಕಾಯುವುದಿಲ್ಲ. 48 ಗಂಟೆಯಲ್ಲಿ ಆಗದಿದ್ದರೆ ಎಫ್‌ಎಸ್‌ಎಸ್‌ಎಐಗೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಸಲ್ಲಿಸುತ್ತೇವೆ.

ಇಂತಿ,
ದೂರುದಾರರು

ಲಗತ್ತು: ಪೊಟ್ಟಣದ ಹಿಂಬದಿಯ ಫೋಟೊ, ನಿಮ್ಮ ಪುಟದ ಸ್ಕ್ರೀನ್‌ಶಾಟ್‌ಗಳು, ನಿಮ್ಮ ಗ್ರಾಹಕ ಸೇವೆಯ ಉತ್ತರದ ಪ್ರತಿ