ಹಂದಿಮರಿಯ ಬೀಜ ಹೂತುಹಾಕುವ ಮೊದಲು

ಸಂಪಾದಕರಿಗೆ ನಮಸ್ಕಾರ,

ಹಂದಿಗಳಿಗೆ ಆಫ್ರಿಕನ್ ಹಂದಿಜ್ವರ ಬಂದಾಗಲೆಲ್ಲ ಪೇಪರಲ್ಲಿ ಎಷ್ಟು ಹಂದಿ ಕೊಂದ್ರು, ಪರಿಹಾರ ಎಷ್ಟು ಅಂತ ಬರ್ತದೆ, ಆ ಗೂಡಿನ ಜೊತೆ ಹೋದ ತಳಿಯ ಬಗ್ಗೆ ಯಾರೂ ಬರೆಯೂದಿಲ್ಲ. 2022ರಲ್ಲಿ ವಯನಾಡು, ಕಣ್ಣೂರಲ್ಲಿ ಈ ಜ್ವರ ಬಂದು ಆದದ್ದು ನೋಡಿದ ಮೇಲೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಹಂದಿ ಸಾಕುವವರಿಗೆ ಹೆದರಿಕೆ ಉಂಟು, ಯಾಕಂದ್ರೆ ಇದಕ್ಕೆ ಮದ್ದಿಲ್ಲ, ಒಂದು ಗೂಡಿಗೆ ಬಂದ್ರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಹಂದಿಗಳನ್ನೆಲ್ಲ ಕೊಲ್ಲಬೇಕು.

ನಾವು ಗಂಡುಮರಿಗಳಿಗೆ ಸಣ್ಣದಿರುವಾಗಲೇ ಬೀಜ (ವೃಷಣ) ತೆಗೆಸಿ ಅದನ್ನು ಹೂತು ಹಾಕ್ತೇವೆ. ಮುಂದೆ ಜೀವಮಾನ ಇಡೀ ವೀರ್ಯಾಣು ಹುಟ್ಟಿಸಬೇಕಾದ ಸ್ಟೆಮ್ ಸೆಲ್‌ಗಳು ತಯಾರಾಗೂದು ಅದರೊಳಗೆ. ಹಂದಿಯ ವೀರ್ಯ ಫ್ರೀಜ್ ಮಾಡಿದ್ರೆ ಚೆನ್ನಾಗಿ ಉಳಿಯೂದಿಲ್ಲ, 17 ಡಿಗ್ರಿಯಲ್ಲಿ ಇಟ್ರೂ ಕೆಲವೇ ದಿನ. ಆದ್ರೆ ಜಪಾನಿನಲ್ಲಿ ಮರಿಯ ಬೀಜದ ತುಂಡನ್ನೇ ಫ್ರೀಜ್ ಮಾಡಿ, ಆಮೇಲೆ ಇಲಿಯ ಚರ್ಮದಡಿ ಬೆಳೆಸಿ, ಅದರಿಂದ ಸಿಕ್ಕಿದ ವೀರ್ಯಾಣುವಿನಿಂದ ಮರಿ ಹುಟ್ಟಿಸಿದ್ದಾರೆ.

ಹಾಗಂತ ಬರೀ ಫ್ರಿಜ್ಜಲ್ಲಿ ಇಟ್ರೆ ಆಗ್ಲಿಲ್ಲ, ಆ ಕೋಶಗಳ ಡಿಎನ್ಎ ಮೇಲಿನ ಗುರುತುಗಳೂ ಸರಿ ಇರಬೇಕು. ಎಲ್ಲ ಕೋಶದಲ್ಲೂ ಡಿಎನ್ಎ ಒಂದೇ, ಯಾವ ಜೀನ್ ತೆರೆದಿರಬೇಕು ಯಾವುದು ಮುಚ್ಚಿರಬೇಕು ಅಂತ ತೀರ್ಮಾನ ಮಾಡೂದರಲ್ಲಿ ಡಿಎನ್ಎ ಮೇಲೆ ಅಂಟುವ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳದ್ದು, ಡಿಎನ್ಎ ಸುತ್ತಿಕೊಂಡ ಹಿಸ್ಟೋನ್ ಪ್ರೋಟೀನಿನ ಬದಲಾವಣೆಗಳದ್ದು ದೊಡ್ಡ ಪಾಲು. ಮರಿ ಹೊಟ್ಟೆಯಲ್ಲಿರುವಾಗಲೇ ಈ ಬೀಜದ ಕೋಶಗಳು ಹಳೇ ಗುರುತು ಬಹುಪಾಲು ಅಳಿಸಿಕೊಳ್ತವೆ, ಆಮೇಲೆ ಗಂಡಿಗೆ ಬೇಕಾದ ಹೊಸ ಗುರುತು ಬೀಳ್ತದೆ. ಅದು ತಪ್ಪಿದ್ರೆ ವೀರ್ಯಾಣು ಆಗೂದೇ ಕಷ್ಟ. ಮಾಂಸ ಜಾಸ್ತಿ ಬರುವ ಐಜಿಎಫ್2 ಜೀನಿನ ಬದಲಾವಣೆಯನ್ನು 2003ರಲ್ಲಿ ಹಂದಿಯಲ್ಲಿ ಪತ್ತೆ ಮಾಡಿದ್ರು, ಅದು ಅಪ್ಪನಿಂದ ಬಂದ್ರೆ ಮಾತ್ರ ಕೆಲಸ ಮಾಡ್ತದೆ, ಅಮ್ಮನ ಪ್ರತಿ ಮುಚ್ಚಿಯೇ ಇರ್ತದೆ, ಅದೂ ಇದೇ ಗುರುತಿನ ಕೆಲಸ. ಇಲಿಯ ಈ ಕೋಶಗಳನ್ನು ಲ್ಯಾಬಲ್ಲಿ ತಿಂಗಳುಗಟ್ಟಲೆ ಬೆಳೆಸ್ತಾರೆ, ಹಂದಿಯದ್ದು ಅಷ್ಟು ಸುಲಭಕ್ಕೆ ಒಗ್ಗೂದಿಲ್ಲ, ಬೇಗ ತಮ್ಮ ಗುಣ ಬಿಡ್ತವೆ. ಹಾಗಾಗಿ ಈ ಗುರುತುಗಳ ಸಂಶೋಧನೆಗೆ ದುಡ್ಡು ಹಾಕೂದು ದಂಡ ಅಂತ ನನಗೆ ಕಾಣೂದಿಲ್ಲ.

ಕಾಸರಗೋಡು ಗಿಡ್ಡ ದನಕ್ಕೆ ಬೇಳದಲ್ಲಿ ಫಾರ್ಮ್ ಮಾಡಿದ್ದಾರೆ, ಬಹಳ ಒಳ್ಳೇದಾಯ್ತು. ಕೇರಳದ ಊರತಳಿ ಅಂಕಮಾಲಿ ಹಂದಿಗೂ ಅಂಥ ಕಾಳಜಿ ಬೇಡ್ವಾ? ಮಣ್ಣುತ್ತಿಯಲ್ಲಿ ಹಂದಿಯ ಕೇಂದ್ರ ಉಂಟು, ವೆಟರ್ನರಿ ಯೂನಿವರ್ಸಿಟಿಯವರು ರೋಗ ಇಲ್ಲದ ಗೂಡುಗಳಿಂದ, ಬೀಜ ತೆಗೆಸುವ ದಿನವೇ ಬಂದು ತುಂಡು ತೆಗೆದುಕೊಂಡು ಹೋಗುವ ಏರ್ಪಾಡು ಮಾಡ್ಲಿ, ಜ್ವರ ಬಂದ ಮೇಲೆ ಆ ಗೂಡಿನದ್ದು ಯಾವುದಕ್ಕೂ ಬರೂದಿಲ್ಲ. ನಿಮ್ಮ ಪತ್ರಿಕೆಯಲ್ಲಿ ಇದರ ಬಗ್ಗೆ ಒಬ್ಬರು ಡಾಕ್ಟರಿಂದ ಕನ್ನಡದಲ್ಲೇ ಬರೆಸಿ ಅಂತ ಕೇಳಿಕೊಳ್ತೇನೆ.

ಇಂತಿ,
ಒಬ್ಬ ಹಂದಿ ಸಾಕಣೆಗಾರ, ಪೆರ್ಲ