ಸಿಟ್ಟು ಇದ್ದರೆ ಸಿಟ್ಟಿನಲ್ಲೇ ಕೂತುಕೋ

ಮಂಜೇಶ್ವರ
ಭಾನುವಾರ ರಾತ್ರಿ

ಪ್ರೀತಿಯ ಮಗಳಿಗೆ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಮ್ಮಾ, ಪ್ರಾರ್ಥನೆಗೆ ಕೂತರೆ ದೇವರ ಮೇಲೆ ಸಿಟ್ಟೇ ಬರ್ತದೆ, ಅದಕ್ಕೆ ಕೂರುವುದನ್ನೇ ಬಿಟ್ಟಿದ್ದೇನೆ" ಅಂದೆ. ನಾನು ಗಾಬರಿಯಲ್ಲಿ "ಹಾಗೆಲ್ಲ ಹೇಳಬಾರದು ಮಗಾ" ಅಂತ ನಿನ್ನ ಬಾಯಿ ಮುಚ್ಚಿಸಿದೆ. ತಪ್ಪು ಮಾಡಿದೆ. ನಿನ್ನ ಅಪ್ಪ ಹೋದಾಗ ನನ್ನ ಬಾಯನ್ನೂ ಹಾಗೇ ಮುಚ್ಚಿಸಿದ್ದರು. "ಎಲ್ಲ ದೇವರ ಚಿತ್ತ" ಅಂತ ಹೇಳಿ ಫೋನ್ ಇಟ್ಟವರು ಎಷ್ಟು ಜನ! ಅದನ್ನೇ ನಾನು ನಿನಗೂ ಮಾಡಿದೆನಲ್ಲ ಅಂತ ರಾತ್ರಿ ನಿದ್ದೆ ಬರಲಿಲ್ಲ. ಬಾಯಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಆ ದಿನದ್ದನ್ನು ನಾನು ನಿನಗೆ ಪೂರ್ತಿ ಹೇಳಿಯೇ ಇಲ್ಲ. 2020ರ ಮಾರ್ಚ್ ಕೊನೆಯ ವಾರ. ವಾರಕ್ಕೆ ಎರಡು ಸಲ ಅಪ್ಪನಿಗೆ ಡಯಾಲಿಸಿಸ್, ಅದೂ ಮಂಗಳೂರಿನಲ್ಲೇ. ನಮಗೆ ಇನ್ನೆಲ್ಲಿ? 1956ರಲ್ಲಿ ನಕ್ಷೆಯಲ್ಲಿ ಗೆರೆ ಎಳೆದು ನಮ್ಮನ್ನು ಕೇರಳಕ್ಕೆ ಸೇರಿಸಿದರೂ ನಮ್ಮ ಮಾತು, ಪೇಟೆ, ಆಸ್ಪತ್ರೆ ಎಲ್ಲ ಆಚೆ ಕರ್ನಾಟಕದ ಬದಿಯಲ್ಲೇ ಉಳಿಯಿತು. ಲಾಕ್‌ಡೌನ್ ಆದ ಮೇಲೆ ಒಂದು ಸರದಿ ತಪ್ಪಿತ್ತು. ಕಾಲು ಬಾತುಕೊಂಡಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ರಾತ್ರಿಯಿಡೀ ಜಗಲಿಯ ಗೋಡೆಗೆ ಒರಗಿ ಕೂತಿದ್ದರು.

ಬೆಳಿಗ್ಗೆ ಆಂಬುಲೆನ್ಸ್ ಸಿಕ್ಕಿತು. ರಾಜ್ಯದ ಗಡಿ ತಲಪಾಡಿಯಲ್ಲಿ ತಡೆದರು. ಒಳದಾರಿಗೆ ತಿರುಗಿಸಿದೆವು. ಅಲ್ಲಿ ರಸ್ತೆಗೆ ಅಡ್ಡವಾಗಿ ಎದೆಮಟ್ಟ ಕೆಂಪು ಮಣ್ಣು ಸುರಿದಿದ್ದರು. ಮತ್ತೆ ತಲಪಾಡಿಗೆ ಬಂದೆವು. ನಾನು ಆಸ್ಪತ್ರೆಯ ಫೈಲು ಹಿಡಿದುಕೊಂಡು ಇಳಿದು, ಅಲ್ಲಿ ನಿಂತಿದ್ದ ಪೊಲೀಸ್ ಹುಡುಗನಿಗೆ ಕೈಮುಗಿದೆ. ಕನ್ನಡದಲ್ಲೇ ಬೇಡಿಕೊಂಡೆ. ಅವನೂ ಕನ್ನಡದಲ್ಲೇ "ಆಗುವುದಿಲ್ಲಮ್ಮ, ವಾಪಸ್ ಹೋಗಿ" ಅಂದ. ಮಾಸ್ಕ್ ಹಾಕಿದ್ದ, ಕಣ್ಣು ಮಾತ್ರ ಕಾಣುತ್ತಿತ್ತು. ನಿನ್ನದೇ ವಯಸ್ಸಿರಬೇಕು. ವಾಪಸ್ ಬಂದೆವು. ಮರುದಿನ ನಸುಕಿಗೆ ಅಪ್ಪ ಹೋದರು. ನೀನು ಬೆಂಗಳೂರಿನಲ್ಲಿ ಸಿಕ್ಕಿಕೊಂಡಿದ್ದೆ, ಮಣ್ಣು ಮಾಡುವುದನ್ನು ಮೊಬೈಲಿನಲ್ಲಿ ನೋಡಿದೆ. ಏಪ್ರಿಲ್ 5, ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ. ದೇವಾಲಯಕ್ಕೆ ಬೀಗ, ಮನೆಯಲ್ಲಿ ನಾನೊಬ್ಬಳೇ.

ಆ ದಿನ ಅಪ್ಪನ ಬೈಬಲ್, ಆ ಸತ್ಯವೇದವನ್ನು ತೆಗೆದು, ಅದರ ಪ್ರಾರ್ಥನೆಯ ಹಾಡುಗಳಲ್ಲಿ ಎಲ್ಲರೂ ಸಮಾಧಾನಕ್ಕೆ ಓದುವ ಕೀರ್ತನೆ 23 ಓದಲು ಹೋದೆ. ಹಸಿರು ಹುಲ್ಲುಗಾವಲು, ತಂಪಾದ ನೀರು. ನನ್ನ ಕೈಯಲ್ಲಿ ಆಗಲಿಲ್ಲ ಮಗಾ. ಪುಸ್ತಕವನ್ನು ಎತ್ತಿ ಮಂಚದ ಮೇಲೆ ಎಸೆದೆ. ಆಮೇಲೆ ಹೆದರಿಕೆಯಾಗಿ ಎತ್ತಿಕೊಂಡಾಗ 88 ತೆರೆದುಕೊಂಡಿತ್ತು. ಓದಿದೆ. ಹಗಲೂ ರಾತ್ರಿಯೂ ಕೂಗುತ್ತಿದ್ದೇನೆ, ನೀನೇ ನನ್ನನ್ನು ಆಳದ ಗುಂಡಿಗೆ ಹಾಕಿದ್ದೀ, ಯಾಕೆ ಮುಖ ಮರೆಮಾಡುತ್ತೀ, ನನ್ನ ಆಪ್ತರನ್ನೆಲ್ಲ ದೂರ ಮಾಡಿದ್ದೀ ಅಂತ ದೇವರನ್ನೇ ಹಿಡಿದು ಕೇಳುವ ಪ್ರಾರ್ಥನೆ ಅದು. ಕೊನೆಯಲ್ಲಾದರೂ ಸಮಾಧಾನ ಇದ್ದೀತು ಅಂತ ನೋಡಿದೆ. ಇಲ್ಲ. ಕತ್ತಲಲ್ಲೇ ಮುಗಿಯುತ್ತದೆ, ಸ್ತೋತ್ರವೂ ಇಲ್ಲ, ಹಲ್ಲೆಲೂಯವೂ ಇಲ್ಲ. ಅಂಥದ್ದನ್ನು ಯಾರೂ ಕಿತ್ತುಹಾಕದೆ ದೇವರ ವಾಕ್ಯ ಅಂತಲೇ ಇಟ್ಟುಕೊಂಡು ಬಂದಿದ್ದಾರೆ! ಅವತ್ತು ಅದನ್ನು ಜೋರಾಗಿ, ಪಕ್ಕದ ಮನೆಗೆ ಕೇಳುವ ಹಾಗೆ ಓದಿದೆ. ಅಪ್ಪ ಹೋದ ಮೇಲೆ ನಾನು ಮಾಡಿದ ಮೊದಲ ಪ್ರಾರ್ಥನೆ ಅದು.

ಆಮೇಲೆ ಹುಡುಕಿ ಹುಡುಕಿ ಓದಿದೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇಂಥ ಗೋಳೇ. ನಾವು ಹಾಡುವುದು 23, 100, 121. 13ನೆಯದರಲ್ಲಿ ಹಾಡುವವನು "ಎಷ್ಟರ ವರೆಗೆ" ಅಂತ ದೇವರನ್ನು ನಾಲ್ಕು ಸಲ ಕೇಳುತ್ತಾನೆ. 44ರಲ್ಲಿ ದೇವರಿಗೇ "ಎದ್ದೇಳು, ಯಾಕೆ ನಿದ್ದೆ ಮಾಡುತ್ತೀ" ಅನ್ನುತ್ತಾರೆ. ನಮ್ಮ ಸ್ವಾಮಿಯೂ ಶಿಲುಬೆಯ ಮೇಲೆ ಕೂಗಿದ್ದು 22ರ ಮೊದಲ ಮಾತನ್ನೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ ಅಂತ. ಇವರಲ್ಲಿ ಒಬ್ಬರೂ ದೇವರಿಗೆ ಬೆನ್ನು ಹಾಕಿ ಹೋಗಲಿಲ್ಲ ನೋಡು. ಅವನ ಮುಖ ನೋಡಿಕೊಂಡೇ ಜಗಳಾಡಿದರು. ಚಿಕ್ಕವಳಿದ್ದಾಗ ನನ್ನ ಮೇಲೆ ಸಿಟ್ಟು ಬಂದರೆ ನೀನು ನನ್ನ ಸೆರಗು ಹಿಡಿದುಕೊಂಡೇ ನನಗೆ ಹೊಡೆಯುತ್ತಿದ್ದೆ, ನೆನಪಿದೆಯಾ?

ಇನ್ನೊಂದನ್ನು ಹೇಳಲೇಬೇಕು, ನಾಚಿಕೆಯಾದರೂ. 109ನೆಯ ಕೀರ್ತನೆ ಶಾಪದ್ದು. ಕ್ಯಾಥೊಲಿಕರ ದಿನನಿತ್ಯದ ಪ್ರಾರ್ಥನಾಕ್ರಮದಿಂದ 58, 83 ಮತ್ತು ಇದನ್ನು 1970ರ ದಶಕದಲ್ಲಿ ಕೈಬಿಟ್ಟರಂತೆ, ಬಾಯಲ್ಲಿ ಹೇಳಲು ಕಷ್ಟ ಅಂತ. ನಾನು ಮಾತ್ರ ಅದನ್ನೇ ದಿನಾ ಸಂಜೆ ಓದಿದೆ, ಆ ಪೊಲೀಸ್ ಹುಡುಗನ ಮೇಲೆ. ಅವನ ದಿನಗಳು ಕೊಂಚವಾಗಲಿ, ಅವನ ಮಕ್ಕಳು ತಬ್ಬಲಿಗಳಾಗಲಿ, ಹೆಂಡತಿ ವಿಧವೆಯಾಗಲಿ. ಒಂದು ದಿನ ಅಲ್ಲ, ತಿಂಗಳುಗಟ್ಟಲೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಆ ವಿಧವೆ ಅನ್ನುವ ಮಾತಿಗೆ ಬಂದು ನಾಲಿಗೆ ನಿಂತುಹೋಯಿತು. ವಿಧವೆ ಅಂದರೆ ಏನು ಅಂತ ನನಗೆ ಗೊತ್ತಲ್ಲ. ಅನ್ನಕ್ಕಿಡುವಾಗ ಈಗಲೂ ಇಬ್ಬರಿಗೆ ಅಂತಲೇ ಕೈ ಅಳೆಯುತ್ತದೆ. ಎಲ್ಲೋ ಒಂದು ಹುಡುಗಿ ಹೀಗೆ ಪಾತ್ರೆ ಹಿಡಿದುಕೊಂಡು ನಿಲ್ಲಲಿ ಅಂತ ನಾನು ಕೇಳುವುದೇ? ಅಲ್ಲಿಂದ ಮುಂದೆ ಓದಲು ಆಗಲಿಲ್ಲ. ಕ್ಷಮಿಸಿದೆ ಅಂತ ಹೇಳುವುದಿಲ್ಲ, ಅಷ್ಟು ದೊಡ್ಡ ಮಾತು ನನಗೆ ಇನ್ನೂ ಬಂದಿಲ್ಲ. ಆದರೆ ಅಷ್ಟೂ ವಿಷವನ್ನು ದೇವರ ಮುಂದೆ ಕಕ್ಕಿದ್ದರಿಂದ ಅದು ಬೇರೆ ಯಾರ ಮೇಲೂ, ನಿನ್ನ ಮೇಲೂ ಬೀಳಲಿಲ್ಲ ಅಂತ ಕಾಣುತ್ತದೆ.

ದೇವರ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಮಾರ್ಚ್ ಬಂದರೆ ಮತ್ತೆ ಏಳುತ್ತದೆ. ಆಗ ಮತ್ತೆ 88.

ಅದಕ್ಕೆ ಮಗಾ, ಸಿಟ್ಟು ಇಳಿಯಲಿ ಆಮೇಲೆ ಕೂರುತ್ತೇನೆ ಅನ್ನಬೇಡ. ಸಿಟ್ಟಿನಲ್ಲೇ ಕೂತುಕೋ. ನಿನಗೆ ಮಾತು ಸಿಗದಿದ್ದರೆ ಅವರ ಮಾತನ್ನೇ ಓದು, ಮನಸ್ಸಿನಲ್ಲಿ ಬೇಡ, ಬಾಯಿ ಬಿಟ್ಟು ಓದು. ರೂಮಿನಲ್ಲಿ ಜೊತೆಯವರಿದ್ದರೆ ತಾರಸಿಗೆ ಹೋಗು.

ಅಪ್ಪನ ಸತ್ಯವೇದವನ್ನು ಇದರ ಜೊತೆಗೆ ಕಳಿಸುತ್ತಿದ್ದೇನೆ. 109ರ ಹತ್ತಿರ ಒಂದು ಚೀಟಿ ಇದೆ, ಆ ವಾರದ ಡಯಾಲಿಸಿಸ್‌ಗೆ ಆಸ್ಪತ್ರೆಯವರು ಬರೆದುಕೊಟ್ಟಿದ್ದ ಸಮಯ. ಬೆಳಿಗ್ಗೆ 9 ಗಂಟೆ. ಅದನ್ನು ತೆಗೆಯಬೇಡ, ಅಲ್ಲೇ ಇರಲಿ.

ನಿನ್ನ ಅಮ್ಮ