ಗೆಳೆಯನಿಗೊಂದು ಪತ್ರ: ಬಾಯಿ ಬಿಡದ ಮನುಷ್ಯನ ಕುರಿತು

ಪ್ರಿಯ ದೋಸ್ತ,

ನಿನ್ನ ಪತ್ರಕ್ಕೆ ಉತ್ತರವನ್ನು ಈ ಸಲ ನಾಲ್ಕು ಜನರ ಮುಂದೆಯೇ ಬರೆಯುತ್ತಿದ್ದೇನೆ. ಹಸಿರು ಛತ್ರಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಈಚೆಗೆ ನನ್ನ ತಲೆಯೊಳಗೆ ಬಂದು ಕುಳಿತವರು ರಾಮೇಶ್ವರನಾಥ ಕಾವ್. 1962 ಮತ್ತು 1965ರ ಯುದ್ಧಗಳಲ್ಲಿ ನಮ್ಮ ಬೇಹುಗಾರಿಕೆಯ ಕೊರತೆಗಳು ಬಯಲಾದ ಮೇಲೆ, ವಿದೇಶಗಳ ಸುದ್ದಿ ತರುವುದಕ್ಕೆಂದೇ 1968ರ ಸೆಪ್ಟೆಂಬರಿನಲ್ಲಿ ಕಟ್ಟಿದ ‘ರಾ’ ಸಂಸ್ಥೆಯ ಮೊದಲ ಮುಖ್ಯಸ್ಥರು ಅವರು. ಹುಟ್ಟಿದ್ದು 1918ರಲ್ಲಿ, ಬನಾರಸಿನಲ್ಲಿ. 1940ರಲ್ಲಿ ಪೊಲೀಸ್ ಸೇವೆಗೆ ಸೇರಿದರು. 1955ರಲ್ಲಿ ಇಂಡೋನೇಷ್ಯಾದ ಬಾಂಡುಂಗಿನಲ್ಲಿ ನಡೆದ ಏಷ್ಯಾ-ಆಫ್ರಿಕಾ ದೇಶಗಳ ಸಮ್ಮೇಳನಕ್ಕೆ ಚೀನೀ ನಿಯೋಗದವರನ್ನು ಕರೆದುಕೊಂಡು ಹಾಂಗ್‌ಕಾಂಗ್‌ನಿಂದ ಹೊರಟ ಏರ್ ಇಂಡಿಯಾದ ‘ಕಾಶ್ಮೀರ್ ಪ್ರಿನ್ಸೆಸ್’ ವಿಮಾನವು ಬಾಂಬ್ ಸ್ಫೋಟಗೊಂಡು ಸಮುದ್ರಕ್ಕೆ ಬಿದ್ದಾಗ, ಅದನ್ನು ಹತ್ತದೆ ಉಳಿದ ಚೀನಾದ ಪ್ರಧಾನಿ ಚೌ ಎನ್‌ಲೈ ಅವರ ಎದುರು ಕುಳಿತು ತನಿಖೆಯ ಮಾತನಾಡಲು ನೆಹರೂ ಕಳಿಸಿದ್ದು ಇದೇ ಕಾವ್ ಅವರನ್ನು. ಬಾಂಗ್ಲಾದೇಶ ಹುಟ್ಟಿದ್ದು, ಸಿಕ್ಕಿಂ ಭಾರತಕ್ಕೆ ಸೇರಿದ್ದು, ಅವುಗಳಲ್ಲಿ ಕಾವ್ ಅವರ ಕೈವಾಡ ಇವೆಲ್ಲ ನಿನಗೆ ಗೊತ್ತಿರುವ ಕಥೆಗಳೇ. ಚಹಾದಂಗಡಿಯ ಕಟ್ಟೆಯ ಮೇಲೆ ಅವುಗಳಿಗೆ ಈಗಾಗಲೇ ಸಾಕಷ್ಟು ಉಪ್ಪು-ಖಾರ ಬಿದ್ದಿದೆ.

ನನ್ನನ್ನು ಹಿಡಿದದ್ದು ಬೇರೆ. ಫೋಟೋ ತೆಗೆಸಿಕೊಳ್ಳಲು ಹಿಂಜರಿಯುತ್ತಿದ್ದ, 1977ರಲ್ಲಿ ಸರಕಾರ ಬದಲಾಗಿ ಸಂಸ್ಥೆಯ ಮೇಲೆಯೇ ಸಂಶಯದ ಮಾತುಗಳು ಎದ್ದಾಗಲೂ ಬಹಿರಂಗವಾಗಿ ಸಮಜಾಯಿಷಿ ಕೊಡಲು ಹೋಗದ ಈ ಮನುಷ್ಯ, ಕೊನೆಗಾಲದಲ್ಲಿ ತಮ್ಮ ನೆನಪುಗಳನ್ನು ಟೇಪಿಗೆ ಹೇಳಿ, ತಾವು ಸತ್ತ ಮೇಲೆಯೇ ತೆರೆಯಬೇಕೆಂದು ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯಕ್ಕೆ ಒಪ್ಪಿಸಿದರು. 2002ರ ಜನವರಿಯಲ್ಲಿ ತೀರಿಕೊಂಡರು. ಅಷ್ಟು ಗಟ್ಟಿ ಮನುಷ್ಯನಿಗೂ ಯಾರಾದರೂ ಕೇಳಲಿ ಎನ್ನಿಸಿತೇ? ಇದು ನನ್ನ ಊಹೆ; ಇತಿಹಾಸಕ್ಕೆ ದಾಖಲೆ ಬೇಕೆಂಬ ಅಧಿಕಾರಿಯ ಶಿಸ್ತೂ ಇದ್ದೀತು. ಆದರೆ ಊಹೆ ಮಾತ್ರ ನನ್ನನ್ನು ಬಿಡಲೊಲ್ಲದು.

ಯಾಕೆಂದರೆ ಅವರ ಮೌನಕ್ಕೆ ದೇಶದ ಕಾರಣವಿತ್ತು, ನನ್ನದಕ್ಕೆ ಏನೂ ಇಲ್ಲ. ಅವ್ವ ತೀರಿಕೊಂಡ ವರ್ಷ, ನಿದ್ದೆ ಬಾರದ ರಾತ್ರಿಗಳಲ್ಲಿ ನಾನು ಕೆಲಗೇರಿ ಕೆರೆಯ ದಂಡೆಗುಂಟ ಒಬ್ಬನೇ ಅಡ್ಡಾಡುತ್ತಿದ್ದೆ. ಮನೆಯಲ್ಲಿ ಕೇಳಿದರೆ ಸಕ್ಕರೆ ಕಾಯಿಲೆಗೆ ನಡಿಗೆ ಒಳ್ಳೆಯದೆಂದು ಹೇಳಿದ್ದೆ. ಅದೇ ದಿನಗಳಲ್ಲಿ ನಿನಗೆ ಹಾಸ್ಯದ ಪತ್ರಗಳನ್ನು ಬರೆದೆ, ನೀನು ನಕ್ಕೆ, ನೀನು ನಕ್ಕದ್ದಕ್ಕೆ ನನಗೆ ಸಿಟ್ಟು ಬಂತು. ನನಗೆ ಏನಾಗಿದೆಯೆಂದು ತಿಳಿದವರು ಈ ಧಾರವಾಡದಲ್ಲಿ ಒಬ್ಬರೂ ಇಲ್ಲವಲ್ಲ ಎಂದು ಈಗಲೂ ಒಮ್ಮೊಮ್ಮೆ ದಿಗಿಲಾಗುತ್ತದೆ.

ಇರಲಿ. ಇಷ್ಟನ್ನು ಬರೆಯಬೇಕೆಂದು ಕುಳಿತವನಲ್ಲ. ಬೇಹುಗಾರಿಕೆಗೆ ನಾನು ಯಾವ ಕಾಲಕ್ಕೂ ಆಗುತ್ತಿರಲಿಲ್ಲ. ಶತ್ರುಗಳು ಹೊಡೆಯುವುದೂ ಬೇಡ, ಒಂದು ಪ್ಲೇಟ್ ಗಿರಮಿಟ್ಟು ಮುಂದಿಟ್ಟರೆ ಸಾಕು, ಎಲ್ಲವನ್ನೂ ಹೇಳಿ ಮೇಲೆ ಮಿರ್ಚಿಯನ್ನೂ ಕೇಳುವ ಆಸಾಮಿ ನಾನು. ನೀನು ಉತ್ತರಿಸುವುದಾದರೆ ಅಂಚೆಯಲ್ಲಿ ಬರೆ. ಇಲ್ಲಿ ಬರೆದರೆ ಅದನ್ನು ಮೊದಲು ಓದುವವರು ನಮ್ಮ ಮಾವನವರು, ಮತ್ತು ಅವರಿಗೆ ಛತ್ರಿಯ ಮೇಲೆ ಈಗಾಗಲೇ ಅನುಮಾನವಿದೆ.

ನಿನ್ನ,
ಧಾರವಾಡದವ